ಒಂದು ಸಾಮಾನ್ಯ ದಿನ

ಅರ್ಜಿಯಲ್ಲಿದ್ದ ಪ್ರಶ್ನೆಗಳಲ್ಲೆಲ್ಲ ಸುಲಭದ್ದು ಅದೇ ಎಂದುಕೊಂಡಿದ್ದೆ: "ನಿಮ್ಮ ಒಂದು ಸಾಮಾನ್ಯ ದಿನವನ್ನು ವಿವರಿಸಿ."

ನನಗೆ ಸಂಧಿವಾತ ಅಂಟಿಕೊಂಡು ಆರು ವರ್ಷವಾಯಿತು. ಬೆಳಗಿನ ಹೊತ್ತು ಬೆರಳು, ಮಣಿಕಟ್ಟು, ಮಂಡಿ ಯಾವುದೂ ನನ್ನ ಮಾತು ಕೇಳುವುದಿಲ್ಲ. ಸ್ವೀಡನ್ನಿನ ಮೋಲ್ನ್‌ಡಾಲ್‌ನಲ್ಲಿರುವ ಔಷಧ ಕಂಪನಿಯಲ್ಲಿ ಮಧ್ಯಾಹ್ನದ ಮೇಲೆ ಅರ್ಧ ದಿನ ಕೆಲಸ ಮಾಡುತ್ತೇನೆ, ಉಳಿದರ್ಧಕ್ಕೆ ವಿಮಾ ಕಚೇರಿಯವರು ಕಾಯಿಲೆ ಭತ್ಯೆ ಕೊಡುತ್ತಿದ್ದರು. ಭತ್ಯೆ ಶುರುವಾಗಿ ಆರು ತಿಂಗಳು ತುಂಬಿದ ಮೇಲೆ ಇಲ್ಲಿನ ನಿಯಮ ಬಿಗಿಯಾಗುತ್ತದೆ. ಈಗಿರುವ ಕೆಲಸ ನಿಮ್ಮಿಂದ ಆಗುತ್ತದೆಯೇ ಎಂದಲ್ಲ, ಈ ದೇಶದಲ್ಲಿ ಸಾಮಾನ್ಯವಾಗಿ ಸಿಗುವ ಯಾವುದಾದರೊಂದು ಕೆಲಸ ಪೂರ್ತಿ ದಿನ ಆಗುತ್ತದೆಯೇ ಎಂದು ನೋಡುತ್ತಾರೆ. ಆಗುತ್ತದೆ ಎಂದು ತೀರ್ಮಾನವಾದರೆ ಭತ್ಯೆ ನಿಲ್ಲುತ್ತದೆ. ಆಗ ನಾನು ಪೂರ್ತಿ ದಿನಕ್ಕೆ ಮರಳಬೇಕು, ಇಲ್ಲವೇ ಕೆಲಸ ಬಿಡಬೇಕು. ಮೊದಲನೆಯದು ನನ್ನಿಂದಾಗದು. ಎರಡನೆಯದನ್ನು ನೆನೆದರೆ ಅಳು ಬರುತ್ತದೆ, ಆ ಕೆಲಸವೆಂದರೆ ನನಗೆ ಅಷ್ಟು ಇಷ್ಟ.

ಭತ್ಯೆ ಮುಂದುವರಿಸಲು ಅರ್ಜಿ ತುಂಬುವಾಗ ನನ್ನ ಗಂಡ ರಘುನಾಥ ಪಕ್ಕದಲ್ಲೇ ಕೂತಿದ್ದರು. ಟೋರ್ಸ್‌ಲಾಂಡದ ಕಾರು ಕಂಪನಿಯಲ್ಲಿ ಎಂಜಿನಿಯರು, ಬೆಳಗ್ಗೆ ಐದೂಮುಕ್ಕಾಲಿಗೆಲ್ಲ ಮನೆ ಬಿಡುವವರು. ಒಳ್ಳೆಯವರೇ. ಆದರೆ ಕೆಟ್ಟ ಮಾತಾಡಿದರೆ ಮೇಲೆ ಕೂತ ದೇವತೆಗಳು 'ಅಸ್ತು' ಎಂದುಬಿಡುತ್ತಾರೆ ಎಂದು ನಂಬಿದ ಮನೆತನ. ನಮ್ಮ ಮನೆಯವರೇನು ಕಮ್ಮಿಯಲ್ಲ.

"ಬೆಳಗ್ಗೆ ಕೈ ಎತ್ತಕ್ಕಾಗಲ್ಲ ಅಂತ ಬರೀಲೇನ್ರೀ?" ಎಂದೆ.

"ಬಿಡ್ತು ಅನ್ನು. ಅಂಥದ್ದನ್ನೆಲ್ಲ ಬರೆದು ಸೈನ್ ಹಾಕ್ತಾರಾ ಯಾರಾದ್ರೂ? ಪಾಸಿಟಿವ್ ಆಗಿ ಬರಿ. ಕಾಯಿಲೆ ವಿಷ್ಯ ಡಾಕ್ಟರ್ ಸರ್ಟಿಫಿಕೇಟಲ್ಲಿ ಇದೆಯಲ್ಲ."

"ಬಿಡ್ತು," ಎಂದು ನಾನೂ ಪಾಸಿಟಿವ್ ಆಗಿ ಬರೆದೆ. ಆರಕ್ಕೆ ಏಳುತ್ತೇನೆ. ಕಾಫಿ, ತಿಂಡಿ ಆಗುತ್ತದೆ. ಕೆಲಸದಿಂದ ಬಂದು ಅಡುಗೆ. ನವರಾತ್ರಿಯಲ್ಲಿ ಇಪ್ಪತ್ತು ಜನ ನಮ್ಮಲ್ಲಿ ಊಟ ಮಾಡಿದರು, ಬಿಸಿಬೇಳೆಬಾತ್ ಮಾಡಿದ್ದೆ. ಸ್ವಲ್ಪ ನೋವಿದೆ, ಹೊಂದಿಕೊಂಡು ಹೋಗುತ್ತೇನೆ. ಆ ಬಾತಿಗೆ ತರಕಾರಿ ಹೆಚ್ಚಿದ್ದು ಮಗಳು ಅನ್ಯಾ, ತಿರುವಿದ್ದು ರಘು. ನಾನು ಕುರ್ಚಿಯಲ್ಲಿ ಕೂತು ಉಪ್ಪು ಎಷ್ಟೆಂದು ಹೇಳಿದ್ದೆ. ಅದನ್ನೂ ಅಡುಗೆ ಮಾಡಿದ್ದು ಎಂದೇ ಲೆಕ್ಕ ಹಿಡಿದೆ.

ತಮಾಷೆಯೆಂದರೆ ನನ್ನ ಕೆಲಸವೇ ಔಷಧ ಪ್ರಯೋಗದಲ್ಲಿರುವ ರೋಗಿಗಳು ಬರೆದ ನೋವಿನ ದಿನಚರಿಗಳನ್ನು ಪರಿಶೀಲಿಸುವುದು. ಮೂರು ನೋವಿನ ಮಾತ್ರೆ ನುಂಗಿದ ದಿನ ಯಾರಾದರೂ 'ಚೆನ್ನಾಗಿದ್ದೇನೆ' ಎಂದು ಬರೆದಿದ್ದರೆ ಗುರುತು ಹಾಕಿ ವಾಪಸ್ಸು ಕಳಿಸುವವಳೇ ನಾನು.

ಮಾರ್ಚಿನಲ್ಲಿ ಕಾಗದ ಬಂತು. ಭತ್ಯೆ ನಿಲ್ಲಿಸುವ ಯೋಚನೆಯಿದೆ, ಹೇಳುವುದೇನಾದರೂ ಇದ್ದರೆ ಎರಡು ವಾರದೊಳಗೆ ಹೇಳಿ ಎಂದಿತ್ತು. ಕಾರಣಗಳೆಲ್ಲ ನನ್ನ ಮಾತುಗಳೇ. 'ಅರ್ಜಿದಾರರು ಇಪ್ಪತ್ತು ಜನರಿಗೆ ಅಡುಗೆ ಮಾಡಿದ್ದಾರೆ.' ಬೈಯೋಣವೆಂದರೆ ಯಾರನ್ನು ಬೈಯುವುದು? ನನ್ನ ತಲೆಯ ಮೇಲೆ ನಾನೇ ಚಪ್ಪಡಿ ಎಳೆದುಕೊಂಡಿದ್ದೆ.

ಗುರುವಾರ ಮಧ್ಯಾಹ್ನ ವಿಮಾ ಕಚೇರಿಯ ಉಲ್ರಿಕಾ ಫೋನ್ ಮಾಡಿದಳು. ನನ್ನ ಕಡತ ನೋಡುತ್ತಿದ್ದವಳು ಅವಳೇ. ಅವಳ ಕರೆಗಾಗಿ ನಾನೂ ರಘುವೂ ಮಧ್ಯಾಹ್ನದ ಮೇಲೆ ರಜೆ ಹಾಕಿ ಮನೆಯಲ್ಲಿದ್ದೆವು. ಅನ್ಯಾ ಶಾಲೆಯಿಂದ ಬಂದು ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದಳು. ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದೆ.

"ವೈದ್ಯರು ಬರೆದಿರುವುದು ಒಂದು, ನೀವು ಬರೆದಿರುವುದು ಇನ್ನೊಂದು," ಎಂದಳು ಉಲ್ರಿಕಾ ಇಂಗ್ಲಿಷಿನಲ್ಲಿ. ದನಿಯಲ್ಲಿ ಗಡಸೇನೂ ಇರಲಿಲ್ಲ. "ಬೇರೆಲ್ಲ ಬಿಡಿ. ಇವತ್ತು ಎದ್ದಾಗಿನಿಂದ ಏನೇನಾಯಿತು ಹೇಳಿ."

"ಆರಕ್ಕೆ ಎದ್ದೆ. ಕಾಫಿ ಆಯಿತು."

"ನೀವೇ ಮಾಡಿದಿರಾ?"

ರಘು ಹೌದೆನ್ನುವಂತೆ ನನಗೆ ತಲೆಯಾಡಿಸಿ ತೋರಿಸಿದರು. ಹೌದು ಎನ್ನಲು ಬಾಯಿ ತೆರೆದೆ.

"ನೇಯ್," ಎಂದಳು ಅನ್ಯಾ. ಇಲ್ಲ. ಬೆಣ್ಣೆಯ ಚಾಕು ಕೆಳಗಿಟ್ಟು ಸ್ವೀಡಿಷ್‌ನಲ್ಲಿ ಹೇಳುತ್ತಾ ಹೋದಳು. "ಒಂಬತ್ತು ಗಂಟೆಯವರೆಗೆ ಅಮ್ಮನಿಗೆ ನಲ್ಲಿ ತಿರುಗಿಸಲು ಆಗುವುದಿಲ್ಲ. ಕಾಫಿ ಫಿಲ್ಟರ್ ಬಿಚ್ಚುವುದು ನಾನು. ತಲೆ ಬಾಚುವುದು, ಗುಂಡಿ ಹಾಕುವುದು, ಕಾಲುಚೀಲ ಹಾಕುವುದು ಎಲ್ಲ ನಾನು. ಅದಕ್ಕೇ ನನಗೆ ಮೊದಲನೆಯ ಕ್ಲಾಸು ತಪ್ಪುತ್ತದೆ."

"ಯಾವ ಕ್ಲಾಸು?" ಎಂದೆ. ಮೊದಲ ಕ್ಲಾಸು ಹತ್ತು ಗಂಟೆಗೆ ಎಂದು ನನಗೆ ಹೇಳಿದ್ದಳು.

"ಗಣಿತ. ಎಂಟೂಕಾಲಿಗೆ."

"ಎಷ್ಟು ದಿವ್ಸದಿಂದ?"

"ನವೆಂಬರ್," ಎಂದಳು, ನನ್ನ ಮುಖ ನೋಡದೆ.

ಇಲ್ಲಿ ಅನ್ಯಾಳ ಹಾಗೆ ಹದಿನೆಂಟು ತುಂಬಿದ ಮಕ್ಕಳ ಗೈರುಹಾಜರಿಯನ್ನು ಶಾಲೆಯವರು ಮನೆಗೆ ತಿಳಿಸುವುದಿಲ್ಲ. ಅವಳು ಹೇಳಿದ್ದನ್ನು ನಾನು ನಂಬಿದ್ದೆ, ನಂಬಲು ಅನುಕೂಲವಾಗಿತ್ತು. ಹೊಂದಿಕೊಂಡು ಹೋಗುತ್ತೇನೆ ಎಂದು ಜಂಬದಿಂದ ಬರೆದಿದ್ದೆನಲ್ಲ, ಹೊಂದಿಕೊಂಡವಳು ಅವಳು. ನನಗೆ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ.

ಆಮೇಲೆ ನಾನೇ ಹೇಳಿದೆ. ನಾಲ್ಕಕ್ಕೆ ನೋವಿನಿಂದ ಎಚ್ಚರವಾಗುವುದು, ಮಂಚದಿಂದ ಬಚ್ಚಲಿಗೆ ಗೋಡೆ ಹಿಡಿದು ಹೋಗುವುದು, ಕೆಲಸ ಮಾಡಿ ಬಂದ ಮೇಲೆ ಕೋಟು ಬಿಚ್ಚಲಾಗದೆ ಸೋಫಾದಲ್ಲಿ ಹಾಗೇ ಮಲಗುವುದು. ನಡುವೆ ರಘು ಏನೋ ಹೇಳಹೊರಟರು.

"ಸುಮ್ನಿರಿ," ಎಂದೆ.

"ಇದನ್ನೇ ಬರೆದು ಕಳಿಸಿ," ಎಂದಳು ಉಲ್ರಿಕಾ. "ಒಳ್ಳೆಯ ದಿನದ್ದಲ್ಲ, ಇವತ್ತಿನದು."

ಸಂಜೆ ನಾನು ಹೇಳುತ್ತಾ ಹೋದೆ, ಅನ್ಯಾ ಟೈಪ್ ಮಾಡಿದಳು. ನಾಲ್ಕು ಪುಟವಾಯಿತು.

ಮೂರು ವಾರದ ಮೇಲೆ ಉತ್ತರ ಬಂತು. ಅರ್ಧ ಭತ್ಯೆ ಬರುವ ಸೆಪ್ಟೆಂಬರಿನವರೆಗೆ ಮುಂದುವರಿಯುತ್ತದೆ, ಆಗ ಮತ್ತೆ ಪರಿಶೀಲನೆ. ಕೆಲಸ ಉಳಿಯಿತು. ರಘು ಕಾಗದವನ್ನು ನಿಂತೇ ಓದಿದರು. 'ಪ್ರತಿದಿನ ಬೆಳಗ್ಗೆ ಬಟ್ಟೆ ತೊಡಲು ಮಗಳ ಸಹಾಯ ಬೇಕಾಗುತ್ತದೆ' ಎಂಬಲ್ಲಿಗೆ ಬಂದಾಗ ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ಆಫೀಸಿಗೆ ಮೆಸೇಜು ಹಾಕಿದರು, ಇನ್ನು ಮುಂದೆ ಒಂಬತ್ತೂವರೆಗೆ ಬರುತ್ತೇನೆ ಎಂದು.

ಮರುದಿನ ಅನ್ಯಾ ಏಳೂವರೆಗೇ ಗಣಿತಕ್ಕೆ ಹೊರಟಳು. ರಘು ನನ್ನ ಅಂಗಿಯ ಗುಂಡಿ ಹಾಕಲು ನಿಂತರು. ಎಂಜಿನಿಯರಾದರೇನು, ಮೇಲಿನ ಗುಂಡಿಯನ್ನು ಎರಡನೆಯ ಕಾಜಕ್ಕೆ ತೂರಿಸಿ ಮೊದಲಿಂದ ಶುರುಮಾಡಬೇಕಾಯಿತು. ಅಂಗಿ ಸರಿಮಾಡುವಾಗ ನನ್ನ ತೋಳು ಜಗ್ಗಿತು.

"ನೋಯ್ತಾ?" ಎಂದರು.

ಇಪ್ಪತ್ತು ವರ್ಷದ ದಾಂಪತ್ಯದಲ್ಲಿ ಏನು ಕೇಳಿದರೂ ಹೇಳಿ ರೂಢಿಯಾದ 'ಇಲ್ಲ' ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

"ನೋಯ್ತಿದೆ."

ಅವರು ಕೈ ಬಿಟ್ಟು ಮಂಚದ ಮೇಲೆ ನನ್ನ ಪಕ್ಕ ಕೂತರು.

"ಎಲ್ಲಿ?"

ತೋರಿಸಿದೆ.