ಹಳೆಯ ಚೌಕಗಳು

ಮೋಸ ಕಂಡು ಸುಮ್ಮನಿರುವವನೂ ಮೋಸಗಾರನೇ ಎಂದು ಮೂವತ್ತೆರಡು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಆ ಮಾತನ್ನು ನನಗೆ ಕಲಿಸಿದವಳು ಅಕ್ಕ. ಮೂರನೆಯ ತರಗತಿಯಲ್ಲಿ ಅವಳೇ ನನ್ನ ಟೀಚರು.

ಕಳೆದ ವರ್ಷದಿಂದ ಅವಳ ನೆನಪು ಸೋರತೊಡಗಿತ್ತು. ಒಲೆ ಆರಿಸಲು ಮರೆಯುತ್ತಿದ್ದಳು; ತಿಂಡಿ ತಿಂದ ತಟ್ಟೆಯನ್ನು ಕೈಯಲ್ಲಿ ಹಿಡಿದೇ ತಿಂಡಿ ಯಾವಾಗ ಎಂದು ಕೇಳುತ್ತಿದ್ದಳು. ಆದರೆ ಪತ್ರಿಕೆಯ ಪದಬಂಧದ ಮುಂದೆ ಕುಳಿತಳೆಂದರೆ ಹಿಂದಿನ ಅಕ್ಕನೇ. ನಾನು ಸುಳಿವು ಓದಬೇಕು, ಅವಳು ಪೆನ್ಸಿಲಿನಲ್ಲಿ ತುಂಬಬೇಕು. ನಲವತ್ತು ವರ್ಷದ ಕಟ್ಟಳೆ ಅದು.

"ತಲೆ ಕಳೆದುಕೊಂಡ ಯುದ್ಧ ನೆರಳು ಕೊಡುತ್ತದೆ. ಎರಡಕ್ಷರ."

"ಸಮರದ ತಲೆ ಹಾರಿಸೋ, ಮರ ಉಳಿಯುತ್ತೆ! ನೀನು ಮೇಷ್ಟ್ರಾಗಿದ್ದು ಯಾರ ಪುಣ್ಯವೋ!"

ಅಕ್ಕನನ್ನು ಆರೈಕೆಯ ಮನೆಗೆ ಸೇರಿಸಿ ಎಂದ ಡಾಕ್ಟರಿಗೆ ಅವಳು ತುಂಬಿದ ಪದಬಂಧಗಳನ್ನೇ ತೋರಿಸಿದ್ದೆ. "ಇದನ್ನ ಬಿಡಿಸ್ತಾ ಇರೋವರೆಗೂ ಮನೇಲೇ ಇರಲಿ ಬಿಡಿ" ಎಂದು ಅವರು ಒಪ್ಪಿದ್ದರು.

ಒಂದು ಬೆಳಿಗ್ಗೆ ನಾನು ಬಾಯಿ ತೆರೆಯುವ ಮೊದಲೇ ಅವಳು ಆರು ಪದ ತುಂಬಿದ್ದಳು. ಅನುಮಾನ ಬಂದು, ಬಿಡಿಸಿದ ಪದಬಂಧಗಳನ್ನು ಅಂಟಿಸಿಟ್ಟ ಹಳೆಯ ನೋಟ್ ಪುಸ್ತಕಗಳನ್ನು ತೆಗೆದೆ. ಹನ್ನೊಂದು ವರ್ಷದ ಹಿಂದಿನ ಪದಬಂಧ, ಒಂದು ಚೌಕವೂ ಬಿಡದೆ ಅದೇ! ನಿನ್ನೆಯದೂ ಹಳೆಯದು, ಮೊನ್ನೆಯದೂ ಹಳೆಯದು. ಓದುಗರಿಗೆ ಹಳಸಿದ್ದನ್ನು ಬಿಸಿ ಮಾಡಿ ಬಡಿಸುತ್ತಿದ್ದರು. ನನ್ನ ಮೈ ಉರಿಯಿತು. ದಿನಾಂಕಗಳ ಸಮೇತ ಸಂಪಾದಕರಿಗೆ ನಾಲ್ಕು ಪುಟ ಬರೆದೆ. ಅಕ್ಕ ಬಿಡಿಸುತ್ತಿರಲಿಲ್ಲ, ನೆನಪಿಸಿಕೊಳ್ಳುತ್ತಿದ್ದಳು ಎಂಬುದು ನನಗೆ ಹೊಳೆಯಲೇ ಇಲ್ಲ. ಧರ್ಮಕೋಪಕ್ಕೆ ಪಕ್ಕದಲ್ಲಿ ಕುಳಿತವರು ಕಾಣುವುದಿಲ್ಲ.

ಪತ್ರಿಕೆ ಕ್ಷಮೆ ಕೇಳಿತು. ಸೋಮವಾರದಿಂದ ಹೊಸ ಪದಬಂಧ ಬಂತು.

ಅಕ್ಕ ಪೆನ್ಸಿಲ್ ಹಿಡಿದು ಕುಳಿತಳು. ಇಪ್ಪತ್ತೆಂಟು ಸುಳಿವುಗಳನ್ನೂ ಎರಡೆರಡು ಸಲ ಓದಿದೆ. ಒಂದು ಚೌಕವೂ ತುಂಬಲಿಲ್ಲ.

"ತಪ್ಪು ಅಚ್ಚಾಗಿದೆ ನೋಡು" ಎಂದಳು. ಮಂಗಳವಾರವೂ ಹಾಗೆಯೇ ಎಂದಳು. ಬುಧವಾರ ಪೆನ್ಸಿಲನ್ನು ಮೆಲ್ಲಗೆ ಕೆಳಗಿಟ್ಟು, "ನಂಗೇನೋ ಆಗಿದೆ, ಅಲ್ವೇನೋ ತಮ್ಮಾ?" ಎಂದಳು.

ಶುಕ್ರವಾರ ಡಾಕ್ಟರು ಬರುವವರಿದ್ದರು. ನಕಲು ಮಾಡಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ನಾನು, ಗುರುವಾರವಿಡೀ ಸ್ಕೇಲು ಹಿಡಿದು, ಉತ್ತರ ತುಂಬಿದ್ದ ಹಳೆಯ ಪದಬಂಧವೊಂದನ್ನು ಬಿಳಿ ಹಾಳೆಯ ಮೇಲೆ ಸುಳಿವುಗಳ ಸಮೇತ ಖಾಲಿ ಚೌಕಗಳಾಗಿ ನಕಲಿಸಿದೆ. ಮರುದಿನ ಡಾಕ್ಟರ ಎದುರಿಗೇ ಅದನ್ನು ಅಕ್ಕನ ಕೈಗಿತ್ತೆ.

ಅವಳು ಹಾಳೆಯನ್ನು ಬೆಳಕಿಗೆ ಹಿಡಿದಳು.

"ಇದು ಪೇಪರಿನದ್ದಲ್ಲ. ನಿನ್ನ ಕೈಬರಹ ನಂಗೊತ್ತಿಲ್ವಾ? ಕಾಪಿ ಹೊಡೆದಿದ್ದೀಯ." ಅದು ಮೂರನೆಯ ತರಗತಿಯ ದನಿ. "ಎದ್ದು ನಿಂತ್ಕೋ!"

ನಾನು ಎದ್ದು ನಿಂತೆ. ಡಾಕ್ಟರು ತಲೆ ತಗ್ಗಿಸಿ, ಚೀಟಿಯ ಮೇಲೆ ಆರೈಕೆಯ ಮನೆಯ ವಿಳಾಸ ಬರೆಯತೊಡಗಿದರು. ಅಕ್ಕ ಕಿಟಕಿಯ ಕಡೆ ತಿರುಗಿದಳು. ನನಗೆ ಕೂರಲು ಹೇಳಬೇಕೆಂಬುದನ್ನು ಆಗಲೇ ಮರೆತಿದ್ದಳು.