ಭಾವ ಮಾಡಿಕೊಟ್ಟ ಅನುವಾದ

ನಮ್ಮ ಅನುವಾದ ಯಂತ್ರಕ್ಕೆ ನೂರಕ್ಕೆ ತೊಂಬತ್ತು ಅಂಕ ಬಂತೆಂದು ಪ್ರಯೋಗಾಲಯದಲ್ಲಿ ಎಲ್ಲರೂ ಕುಣಿದಾಡಿದರು. ನನಗೆ ಮಾತ್ರ ನಂಬಿಕೆ ಬರಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು, ನಿಜ. ಆದರೆ ಈ ಹೆಗ್ಗಣದ ಯೋಗ್ಯತೆ ಸಾಕಿದ ನನಗೆ ಗೊತ್ತಿಲ್ಲವೇ? ವಾಕ್ಯ ಸ್ವಲ್ಪ ಉದ್ದವಾದರೆ ಸಾಕು, ಬಾಲವನ್ನು ನುಂಗಿಬಿಡುತ್ತದೆ.

ಅಂಕ ಹಾಕುವ ಕ್ರಮ ಸರಳ. ಒಬ್ಬ ಮನುಷ್ಯ ಕೈಯಾರೆ ಅನುವಾದ ಮಾಡಿಕೊಡಬೇಕು. ಯಂತ್ರದ್ದು ಅದಕ್ಕೆ ಎಷ್ಟು ಹತ್ತಿರವೋ ಅಷ್ಟು ಅಂಕ. ಆ ಮನುಷ್ಯ ನನ್ನ ಅಕ್ಕನ ಗಂಡ. ಪತ್ರಿಕೆಯಲ್ಲಿ ಅನುವಾದ ಮಾಡಿಯೇ ತಲೆ ನರೆಸಿಕೊಂಡವರು. ಕೈಕಾಲು ಹಿಡಿದು ಒಪ್ಪಿಸಿದ್ದೆ.

ಸಂಜೆಯೊಳಗೆ ಈ ಅಂಕ ತೋರಿಸುವ ಪ್ರಬಂಧವನ್ನು ಸಮ್ಮೇಳನಕ್ಕೆ ಕಳಿಸಬೇಕಿತ್ತು. ಕಳಿಸಿದರೆ ನನ್ನ ಗುತ್ತಿಗೆ ಇನ್ನೊಂದು ವರ್ಷ ಮುಂದುವರಿಯುತ್ತದೆ; ಇಲ್ಲದಿದ್ದರೆ ತಿಂಗಳ ಕೊನೆಗೆ ಮನೆಗೆ. ಇರಲಾರದೆ ಇರುವೆ ಬಿಟ್ಟುಕೊಂಡರಂತೆ. ನಾನು ಹೋಗಿ ಭಾವ ಕಳಿಸಿದ್ದ ಕಡತ ತೆರೆದೆ. ಅಲ್ಲಿಯೂ ಉದ್ದ ವಾಕ್ಯಗಳಿಗೆ ಬಾಲವಿರಲಿಲ್ಲ.

ಫೋನ್ ಮಾಡಿದೆ.

“ಭಾವ, ಇದನ್ನ ನೀವೇ ಮಾಡಿದ್ರಾ?”

“ಮೊದಲ ನಾಲ್ಕು ಪುಟ ನಾನೇ ಮಾಡ್ದೆ ಪುಟ್ಟಿ. ಆಮೇಲೆ ಕಣ್ಣು ಉರಿಯೋಕೆ ಶುರುವಾಯ್ತು. ನಿಮ್ಮ ಯಂತ್ರ ವೆಬ್‌ಸೈಟಲ್ಲೇ ಇದೆಯಲ್ಲ, ಅದಕ್ಕೇ ಹಾಕ್ದೆ. ಒಂದು ಗಳಿಗೇಲಿ ಮಾಡಿಕೊಡ್ತು!”

“ಅಯ್ಯೋ ಭಾವ! ಅದಕ್ಕೆ ಪರೀಕ್ಷೆ ಇಡೋಕೇ ನಿಮ್ಮನ್ನ ಕೇಳಿದ್ದು. ಪರೀಕ್ಷೆ ಬರೆದವನೇ ಕೂತು ಅಂಕ ಹಾಕ್ಕೊಂಡ ಹಾಗಾಯ್ತು!”

“ಹಾಗಾದ್ರೆ ಪಾಸಾಯ್ತಲ್ಲ?”

ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಅವರ ಕೈಯದೇ ಆದ ನಾಲ್ಕು ಪುಟಗಳನ್ನಷ್ಟೇ ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿಸಿದೆ. ಅಂಕ ಹೋದ ವರ್ಷದ ನಮ್ಮ ಹಳೆಯ ಯಂತ್ರದ್ದಕ್ಕಿಂತ ಕೆಳಗಿಳಿಯಿತು.

ಪ್ರಯೋಗಾಲಯದ ಮುಖ್ಯಸ್ಥರಾದ ಪ್ರೊಫೆಸರರ ಕೋಣೆಗೆ ಓಡಿದೆ. ಎಲ್ಲ ಕೇಳಿ ಅವರು ಕನ್ನಡಕ ಒರೆಸಿಕೊಂಡರು.

“ಇದು ಯಾರ್ಯಾರಿಗೆ ಗೊತ್ತು?”

“ನನಗೆ, ನಿಮಗೆ. ಭಾವನಿಗೆ ಹೇಳಿದ್ರೂ ಅರ್ಥ ಆಗ್ಲಿಲ್ಲ.”

“ಮತ್ತೇನಮ್ಮ? ಕಳಿಸಿಬಿಡು.”

“ಸರ್, ಇದನ್ನ ನಂಬ್ಕೊಂಡು ನಾಳೆ ಆಸ್ಪತ್ರೇಲಿ ಬಳಸ್ತಾರೆ. ‘ಈ ಮಾತ್ರೆ ದಿನಕ್ಕೊಂದು ತಗೊಳ್ಳಿ, ಬಸುರಿಯರು ಮುಟ್ಟಬೇಡಿ’ ಅಂತಿದ್ರೆ ಇದು ಬಸುರಿಯರನ್ನ ನುಂಗಿ ಹಾಕುತ್ತೆ.”

“ನಿನ್ನ ಗುತ್ತಿಗೆ ನೆನಪಿದೆ ತಾನೆ?”

ನೆನಪಿತ್ತು. ಸಿಟ್ಟೂ ಉಕ್ಕಿ ಬಂತು. ಅದು ಇವರ ಮೇಲೋ, ಭಾವನ ಮೇಲೋ, ಹಾಳು ಯಂತ್ರದ ಮೇಲೋ ನನಗೇ ತಿಳಿಯಲಿಲ್ಲ. ಪ್ರಬಂಧ ಕಳಿಸುವ ಕೆಲಸ ನನ್ನದಾಗಿತ್ತು. ನಾನು ಕಳಿಸಲಿಲ್ಲ.

ನೇರ ಅಕ್ಕನ ಮನೆಗೆ ಹೋಗಿ ಭಾವನ ಮುಂದೆ ಬಾಯಿಗೆ ಬಂದಂತೆ ಕೂಗಾಡಿದೆ. ಕೆಲಸ ಹೋಯಿತೆಂದು ಕೇಳಿ ಅವರ ಮುಖ ಸಣ್ಣದಾಯಿತು.

“ಕಳಿಸೋ ಮುಂಚೆ ಒಂದ್ಸಲ ಓದಿಯಾದ್ರೂ ನೋಡಬಾರದಿತ್ತಾ? ಪತ್ರಿಕೇಲಿ ಯಾರದನ್ನೂ ಓದದೆ ಬಿಟ್ಟವರಲ್ಲ ನೀವು!”

“ಬೇರೆ ಯಾರಾದ್ರೂ ಮಾಡಿದ್ದಾಗಿದ್ರೆ ಓದ್ತಿದ್ದೆ ಪುಟ್ಟಿ,” ಎಂದರು ಭಾವ. “ಇದು ನೀನು ಮಾಡಿದ್ದಲ್ವಾ?”

ಬೈಯಲು ಇನ್ನೂ ಬೇಕಾದಷ್ಟಿತ್ತು. ಅದನ್ನು ಬಿಟ್ಟು ಅವರ ಪಕ್ಕದಲ್ಲಿ ಹೋಗಿ ಕೂತೆ.