ತಂತಿಯ ತಾಳಿಕೆ

ಫ್ಯಾನು ಸುತ್ತಿಗೊಮ್ಮೆ ಕಟಕ್ ಅನ್ನುತ್ತಿದೆ, ಬೇರಿಂಗ್ ಸವೆದಿದೆ, ಇನ್ನೊಂದು ತಿಂಗಳು ಓಡಿದರೆ ಹೆಚ್ಚು, ಎಂದುಕೊಂಡ ಆರೋಕ್ಯಸಾಮಿ, ಮೂವತ್ತು ವರ್ಷ ಕರೂರಿನ ಓಣಿ ಓಣಿಗಳಲ್ಲಿ ತಂತಿ ಎಳೆದು, ಸದ್ದು ಕೇಳಿಯೇ ದೋಷ ಹೇಳುವವನು — ಆದರೆ ಇವತ್ತು ಅವನನ್ನು ಫ್ಯಾನು ನೋಡಲು ಕರೆದಿಲ್ಲ, ವಿದ್ಯುತ್ ತಪಾಸಣೆಯ ಈ ಕಚೇರಿಗೆ ಸಾಕ್ಷಿ ಹೇಳಲು ಕರೆಸಿದ್ದಾರೆ, ಮುಚ್ಚಿದ ಬಾಗಿಲಿನ ಆಚೆ ವೈರಿಂಗ್ ಮೇಲ್ವಿಚಾರಕಿ ತಿಲಕವತಿ ಉತ್ತರ ಕೊಡುತ್ತಿದ್ದಾಳೆ, ಅವಳ ಪರವಾನಗಿ ಉಳಿಯುವುದೋ ಹೋಗುವುದೋ ಇವತ್ತೇ ತೀರ್ಮಾನ. ಏನು ಹೇಳುವುದು, ನೆನಪಿಲ್ಲ ಸರ್ ಅಂದರೆ ಸಾಕು, ನೆನಪಿಲ್ಲ ಅಂದವನನ್ನು ಯಾರೂ ಜೈಲಿಗೆ ಹಾಕುವುದಿಲ್ಲ. ನೆನಪಿದೆ, ಎಲ್ಲ ನೆನಪಿದೆ, ಆ ಹೊಲಿಗೆ ಘಟಕದ ಮಹಡಿ, ತಗಡಿನ ಸೂರು, ಮೇಜಿನ ಮೇಲೆ ತಿಲಕವತಿ ಬಿಚ್ಚಿಟ್ಟ ಕೈಪಿಡಿ, ಖಾಕಿ ಕಾಗದದ ಹೊದಿಕೆ ಹಾಕಿ ಶಾಲೆಯ ಹುಡುಗಿಯ ಹಾಗೆ ಹೆಸರು ಬರೆದಿದ್ದಳು, ಅಣ್ಣೇ ಇಲ್ನೋಡಿ, ಒಂದೇ ಪೈಪಿನಲ್ಲಿ ಇಷ್ಟು ತಂತಿ ಒಟ್ಟಿಗೆ ಹೋದ್ರೆ, ಮೇಲೆ ತಗಡು ಬೇರೆ ಕಾದ್ರೆ, ತಂತಿಯ ತಾಳಿಕೆ ಅರ್ಧಕ್ಕೆ ಬರುತ್ತೆ, ಇಸ್ತ್ರಿ ಮೇಜುಗಳಿಗೆ ಎರಡೂವರೆ ಎಂಎಂ ಸಾಲಲ್ಲ, ದಪ್ಪಂದು ಎಳೀರಿ — ಅಷ್ಟು ಮೆಲ್ಲಗೆ ಹೇಳಿದ್ದಳು, ಯಾರಿಗೂ ಕೇಳಿಸದ ಹಾಗೆ, ಅವನ ಮರ್ಯಾದೆ ಉಳಿಸುವ ಹಾಗೆ. ಅವನೇ ದನಿ ಏರಿಸಿದ, ಏನಮ್ಮಾ, ನಿನ್ನ ಪುಸ್ತಕಕ್ಕೆ ಯಾವತ್ತಾದ್ರೂ ಶಾಕ್ ಹೊಡೆದಿದ್ಯಾ, ನಂಗೆ ನೂರು ಸಲ ಹೊಡೆದಿದೆ, ಹೊಲಿಯುವ ಹೆಂಗಸರೆಲ್ಲ ನಕ್ಕರು, ಮುತ್ತುಪೇಚ್ಚಿ ಎಲ್ಲರಿಗಿಂತ ಜೋರಾಗಿ ನಕ್ಕಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಅಯ್ಯೋ ಅಣ್ಣೇ ಅಣ್ಣೇ ಅನ್ನುತ್ತ, ಆ ನಗು ಅವನಿಗೆ ಎಷ್ಟು ಹಿತವಾಗಿತ್ತು.

ಅಷ್ಟೇ ಆಗಿದ್ದರೆ, ಅಷ್ಟೇ ಆಗಿದ್ದರೆ ದಡ್ಡನಾಗಿದ್ದೆ ಅಂತ ಹೇಳಿಕೊಳ್ಳಬಹುದಿತ್ತು, ದಡ್ಡನಿಗೆ ಕ್ಷಮೆಯಿದೆ — ಆದರೆ ಊಟದ ಹೊತ್ತಿಗೆ ಎಲ್ಲರೂ ಕೆಳಗಿಳಿದಾಗ ಆ ಪುಸ್ತಕ ತೆರೆದನಲ್ಲ, ಅಚ್ಚ ತಮಿಳಿನಲ್ಲಿತ್ತು, ಪಾಮರನಿಗೂ ತಿಳಿಯುವ ಕೋಷ್ಟಕ, ಇಷ್ಟು ತಂತಿಗೆ ಇಷ್ಟು, ಇಷ್ಟು ಶಾಖಕ್ಕೆ ಇಷ್ಟು, ಹಳೆಯ ಗಾಯದ ಹೆಬ್ಬೆರಳಿಟ್ಟು ಗುಣಿಸಿದ, ಎರಡು ಸಲ ಗುಣಿಸಿದ, ಎರಡು ಸಲವೂ ಅವಳದೇ ಸರಿ. ಐವತ್ತಮೂರನೇ ವಯಸ್ಸಿಗೆ ಮೊದಲ ಸಲ ಅನ್ನಿಸಿತು, ಇಂಥದ್ದೊಂದು ಕೈಯಲ್ಲಿದ್ದಿದ್ದರೆ ಎಷ್ಟು ಮನೆಗಳಲ್ಲಿ ಊಹೆಯ ಮೇಲೆ ಎಳೆದದ್ದು ತಪ್ಪುತ್ತಿತ್ತು, ಇದೇನು ಉಸ್ತಾದನಿಗೆ ಅವಮಾನವಲ್ಲ, ನೂರು ಮಂದಿ ಉಸ್ತಾದರು ಸೇರಿ ಕಿವಿಯಲ್ಲಿ ಹೇಳಿದ ಹಾಗಿದೆ — ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು, ಫಟ್ಟನೆ ಮುಚ್ಚಿದ. ಮರುದಿನ ಅವಳು ಬೇರೆ ಕೆಲಸಕ್ಕೆ ಹೋಗಿದ್ದಳು, ನಕ್ಕ ಹೆಂಗಸರು ನೋಡುತ್ತಿದ್ದರು, ಅವರ ಕಣ್ಣೆದುರು ದಪ್ಪ ತಂತಿಯ ಸುರುಳಿ ಬಿಚ್ಚುವುದು ಹೇಗೆ, ಎರಡೂವರೆಯದ್ದೇ ಎಳೆದ. ಸಂಜೆ ಅವಳ ಫೋನು, ಆಯ್ತಾ ಅಣ್ಣೇ, ಆಯ್ತಮ್ಮಾ ನೀ ಹೇಳಿದ ಹಾಗೇ, ಅವಳು ನಂಬಿದಳು, ನಂಬಿ, ಕೆಲಸ ಸರಿಯಾಗಿದೆ ಅನ್ನುವ ಪತ್ರಕ್ಕೆ ರುಜು ಹಾಕಿದಳು.

ಚಿತ್ತಿರೈ ತಿಂಗಳ ನಡುಬೇಸಿಗೆಯ ಬಿಸಿಲಿಗೆ ಪೈಪಿನೊಳಗೆ ತಂತಿ ಕರಗಿತು, ಹೊಗೆ, ಕಿರುಚಾಟ, ಎಲ್ಲರೂ ಇಳಿದು ಓಡಿದಾಗ ಮೇನ್ ಸ್ವಿಚ್ ಆರಿಸಲು ಹಿಂದೆ ಉಳಿದವಳು ಮುತ್ತುಪೇಚ್ಚಿ, ಬಲಗೈ ಸುಟ್ಟಿತು, ಹೊಲಿಯುವ ಕೈ. ಆಸ್ಪತ್ರೆಗೆ ಕಿತ್ತಳೆ ಹಿಡಿದು ಹೋಗಿದ್ದ, ನೀವಾದ್ರೂ ಬಂದ್ರಲ್ಲ ಅಣ್ಣೇ, ಆ ಪುಸ್ತಕದಮ್ಮ ನೆಟ್ಟಗೆ ನೋಡಿದ್ದಿದ್ರೆ ನಂಗೀ ಗತಿ ಬರ್ತಿತ್ತಾ ಅಂದಳು, ಅವನು ತಲೆ ತಗ್ಗಿಸಿ ಕಿತ್ತಳೆ ಸುಲಿದ, ಒಂದೊಂದೇ ತೊಳೆ ಬಾಯಿಗಿಟ್ಟ, ಅವಳು ತಿಂದಳು, ಕೃತಜ್ಞತೆಯಿಂದ ತಿಂದಳು —

ಆರೋಕ್ಯಸಾಮಿ ಯಾರ್ರೀ, ಬನ್ನಿ ಒಳಗೆ. ಕಾಲು ಎದ್ದವು, ಅವನಲ್ಲ. ಮೇಜಿನಾಚೆ ಕನ್ನಡಕದ ಅಧಿಕಾರಿ, ಈಚೆ ತಿಲಕವತಿ, ನಡುವೆ ಕೈಪಿಡಿ, ಅದೇ ಪುಟ. ದಪ್ಪ ತಂತಿ ಬೇಕು ಅಂತ ಈಯಮ್ಮ ನಿಮಗೆ ಹೇಳಿದ್ರಂತೆ, ಹೌದಾ. ನೆನಪಿಲ್ಲ ಸರ್ ಅನ್ನಲು ಬಾಯಿ ತೆರೆದ, ಆಗ ತಿಲಕವತಿ ಪುಸ್ತಕವನ್ನು ಅವನತ್ತ ತಿರುಗಿಸಿದಳು, ಕೋಷ್ಟಕದ ಪಕ್ಕದ ಬಿಳಿ ಅಂಚಿನಲ್ಲಿ ಒಂದು ಹೆಬ್ಬೆರಳಿನ ಗುರುತು, ಕಪ್ಪು ಜಿಡ್ಡಿನದು, ನಡುವೆ ಹಳೆಯ ಗಾಯದ ಅಡ್ಡಗೆರೆ. ಅವಳು ಕೈ ತೊಳೆಯದೆ ಆ ಪುಸ್ತಕ ಮುಟ್ಟುವವಳಲ್ಲ. ಅಂದರೆ ಇವನು ಓದಿದ್ದು ಅವಳಿಗೆ ಗೊತ್ತಿತ್ತು, ಯಾವತ್ತಿನಿಂದ ಗೊತ್ತಿತ್ತು, ಅಧಿಕಾರಿಗೆ ತೋರಿಸಲಿಲ್ಲ, ಇವನಿಗೆ ಮಾತ್ರ ತೋರಿಸುತ್ತಿದ್ದಾಳೆ, ಇವತ್ತೂ ಮೆಲ್ಲಗೆ, ಇವತ್ತೂ ಯಾರಿಗೂ ಕೇಳಿಸದ ಹಾಗೆ. ಹೇಳಿದ್ರು ಸರ್, ಅಂದ, ದನಿ ತನ್ನದಲ್ಲ ಅನ್ನಿಸಿತು, ನಾನೂ ಓದಿದ್ದೆ, ಓದಿಯೂ ಸಣ್ಣದನ್ನೇ ಎಳೆದೆ, ಎಳೆದು ಸುಳ್ಳು ಹೇಳಿದೆ, ತಪ್ಪೆಲ್ಲ ನಂದೇ. ಅಧಿಕಾರಿ ಬರೆದುಕೊಳ್ಳುತ್ತಿದ್ದಾರೆ, ಇನ್ನೇನೋ ಕೇಳುತ್ತಿದ್ದಾರೆ, ತಿಲಕವತಿ ಕಿಟಕಿಯ ಕಡೆ ಮುಖ ತಿರುಗಿಸಿದ್ದಾಳೆ, ಹಗುರವಾಗಬೇಕಿತ್ತಲ್ಲ, ಎದೆ ಹಗುರವಾಗುತ್ತದೆ ಅನ್ನುತ್ತಾರಲ್ಲ — ಎಲ್ಲಿ, ಕಣ್ಣು ಅಲ್ಲಿಂದ ಏಳುತ್ತಿಲ್ಲ, ಬಿಳಿ ಅಂಚು, ಕಪ್ಪು ಹೆಬ್ಬೆರಳು, ಅಡ್ಡಗೆರೆ, ಕಪ್ಪು ಹೆಬ್ಬೆರಳು